ಸುಬ್ಬತ್ತೆ ಆಗಲು ನಾನು ಪಟ್ಟ ಪಾಡು

ನಾಟಕದಲ್ಲಿ ಸುಬ್ಬತ್ತೆಗೆ 82 ವರ್ಷ. ನನಗೆ ಆಗ 36. ಮೈಸೂರಿನ ನಮ್ಮ ಹವ್ಯಾಸಿ ತಂಡದಲ್ಲಿ ವಯಸ್ಸಾದ ಹೆಂಗಸರು ಇಬ್ಬರಿದ್ದರು. ಇಬ್ಬರೂ ಸ್ಕ್ರಿಪ್ಟ್ ಓದಿ ಕೈ ಮುಗಿದರು. "ಇಂಥವಳ ಪಾತ್ರ ಮಾಡಿದ್ರೆ ಮನೇಲಿ ಸೊಸೆಗೆ ಅನುಮಾನ ಬರಲ್ವಾ?" ಅಂದರು ಒಬ್ಬರು. ಬರೆದವಳು ನಾನೇ. ಪಾತ್ರವೂ ನನ್ನ ತಲೆಗೇ ಬಂತು.

ಕಥೆ ಸಣ್ಣದು. ಮಕ್ಕಳಿಲ್ಲದ ಸುಬ್ಬತ್ತೆ ತನ್ನ ಮನೆಯನ್ನು ಅಣ್ಣನ ಮಗನಿಗೆ ದಾನಪತ್ರ ಮಾಡಿಕೊಟ್ಟು ಅವನ ಜೊತೆ ಇದ್ದಾಳೆ. ಅವನು, ಅವನ ಹೆಂಡತಿ, ಮದುವೆಗೆ ಬಂದ ಮಗಳು, ಈ ಮೂವರ ಜೀವ ಹಿಂಡುವುದೇ ಅವಳ ದಿನಚರಿ. 70 ನಿಮಿಷದ ನಾಟಕ. ಕೊನೆಯವರೆಗೂ ಅವಳು ಒಳ್ಳೆಯವಳಾಗುವುದಿಲ್ಲ.

ಮೊದಲ ಸಲ ಬರೆದಾಗ ಸುಬ್ಬತ್ತೆ ಮಂಗಳಸೂತ್ರ ಕದ್ದು ಬಾವಿಗೆ ಹಾಕುತ್ತಿದ್ದಳು. ಓದಿದಾಗ ಒಬ್ಬರೂ ನಗಲಿಲ್ಲ. ನಗುವುದು ಹೇಗೆ? ಅದು ಟಿ.ವಿ. ಧಾರಾವಾಹಿಯ ಅತ್ತೆ, ಹಿನ್ನೆಲೆಯಲ್ಲಿ ಢಣ್ ಅನ್ನೋದೊಂದು ಬಾಕಿ. ಹರಿದು ಹಾಕಿದೆ. ಎರಡನೇ ಸಲ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ: ಸುಬ್ಬತ್ತೆ ಸುಳ್ಳು ಹೇಳಬಾರದು. ಅಲ್ಲಿಂದ ಪೆನ್ನು ತಾನಾಗಿ ಓಡಿತು. ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿನ್ನುತ್ತಾ ಕೂತಿದ್ದಾಗ ಅವಳು ಹೇಳುತ್ತಾಳೆ: "ಹುಡುಗಿ ಬಂಗಾರ ಕಣಮ್ಮ. ಮುಂಚೆ ಬಂದು ಹೋದ ನಾಲ್ಕು ಗಂಡಿನವರೂ ಹಾಗೇ ಅಂದ್ರು." ಇದರಲ್ಲಿ ಸುಳ್ಳು ಎಲ್ಲಿದೆ? ಬೆಳಗ್ಗೆ ಆರು ಇಡ್ಲಿ ತಿಂದು ಗೇಟಿನ ಹತ್ತಿರ ಹೋಗಿ ಪಕ್ಕದ ಮನೆಯವಳಿಗೆ, "ನಮ್ಮನೇಲಿ ನಾನು ಕೇಳಲ್ಲಮ್ಮ. ಕೊಟ್ರೆ ತಿಂತೀನಿ, ಇಲ್ದಿದ್ರೆ ನೀರು ಕುಡಿದು ಮಲಗ್ತೀನಿ" ಅನ್ನುತ್ತಾಳೆ. ಅದೂ ನಿಜವೇ. ಕೊಡದೆ ಇದ್ದ ದಿನವೇ ಇಲ್ಲ, ಅಷ್ಟೇ.

ಅವಳ ಕೈಗೆ ಒಂದು ದೊಡ್ಡ ದೊಣ್ಣೆಯೂ ಬೇಕಿತ್ತು. ಅದನ್ನು ಕೊಟ್ಟಿದ್ದು ಕಾನೂನು. ಹಿರಿಯ ನಾಗರಿಕರ ಪಾಲನೆಗೆಂದು 2007ರಲ್ಲಿ ಬಂದ ಕಾಯ್ದೆಯಲ್ಲಿ 23ನೇ ಕಲಮು ಇದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ನಮ್ಮ ರಾಜ್ಯದಲ್ಲಿ ಇದನ್ನು ಕೇಳುವುದು ಅಸಿಸ್ಟೆಂಟ್ ಕಮಿಷನರ್, ಅಂದರೆ ಎ.ಸಿ. ಸುಬ್ಬತ್ತೆಗೆ ಇದು ಗೊತ್ತಾಗುವುದು ರೇಡಿಯೋದಿಂದ. ಮೈಸೂರಿನವಳಾಗಿ ಆ ಆಸೆ ಬಿಡಲು ಆಗಲಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಶುರು ಮಾಡಿದ ಊರು ನೋಡಿ. ಅವತ್ತಿನಿಂದ ಊಟ ಐದು ನಿಮಿಷ ತಡವಾದರೂ ಅವಳದು ಒಂದೇ ಪ್ರಶ್ನೆ: "ಎ.ಸಿ. ಆಫೀಸಿಗೆ ಯಾವ ಬಸ್ಸು ಹೋಗತ್ತೋ?"

ಪರಿಚಯದ ವಕೀಲರೊಬ್ಬರಿಗೆ ಸ್ಕ್ರಿಪ್ಟ್ ತೋರಿಸಿದ್ದು ಒಳ್ಳೆಯದಾಯಿತು. ದಾನಪತ್ರ 1998ರದು ಅಂತ ಬರೆದಿದ್ದೆ. "ಕಾಯ್ದೆ ಬಂದ ಮೇಲೆ ಮಾಡಿದ ಪತ್ರಕ್ಕೆ ಮಾತ್ರ ಇದು ಅನ್ವಯ ಆಗೋದು. ನಿಮ್ಮ ಅಜ್ಜಿ ಕೇಸು ಸೋಲ್ತಾರೆ" ಅಂದರು. 2012 ಮಾಡಿದೆ. ಆದರೆ ಮೊದಲ ಪ್ರದರ್ಶನದಲ್ಲಿ ಕೆಲವರು ಎ.ಸಿ. ಅಂದರೆ ತಂಪು ಮಾಡುವ ಪೆಟ್ಟಿಗೆ ಅಂದುಕೊಂಡು ಪೂರ್ತಿ ಬೇರೆ ಜಾಗದಲ್ಲಿ ನಕ್ಕರು.

ಇನ್ನು ಮೈ. ಶುರುವಿನಲ್ಲಿ ಎಲ್ಲರಂತೆ ನಾನೂ ಬೆನ್ನು ಬಗ್ಗಿಸಿ, ಕೈ ನಡುಗಿಸಿ, ಬೊಚ್ಚುಬಾಯಿ ಮಾಡಿದೆ. ಶಾಲಾ ವಾರ್ಷಿಕೋತ್ಸವದ ಅಜ್ಜಿ ಆಯಿತು. ತುಟಿ ಒಳಗೆ ಮಡಚಿದ್ದಕ್ಕೆ ಆರನೇ ಸಾಲಿಗೇ ಮಾತು ಕೇಳುತ್ತಿರಲಿಲ್ಲ. ನವೆಂಬರ್‌ನಲ್ಲಿ ಒಂದು ವಾರ ಬ್ಯಾಂಕಿಗೆ ಹೋಗಿ ಬೆಂಚಿನ ಮೇಲೆ ಸುಮ್ನೆ ಕೂತೆ. ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ಜೀವಿತ ಪ್ರಮಾಣಪತ್ರ ಕೊಡುವ ತಿಂಗಳು ಅದು. ಅಲ್ಲಿ ನಡುಗುವವರು ಕಡಿಮೆ. ನಡುಕ ಇದ್ದವರೂ ಅದನ್ನು ಮುಚ್ಚಿಡಲು ನೋಡುತ್ತಾರೆ. ಕಾಲು ಎತ್ತುವ ಮುಂಚೆ ಕೈ ಆಸರೆ ಹುಡುಕುತ್ತದೆ. ಕುರ್ಚಿಯಿಂದ ಏಳುವಾಗ ಮೊದಲು ಅಂಚಿಗೆ ಜರುಗುತ್ತಾರೆ, ಎರಡೂ ಕೈ ತೊಡೆಗೆ ಕೊಡುತ್ತಾರೆ, ಒಂದು ಸಲ ಸೋಲುತ್ತಾರೆ, ಆಮೇಲೆ ಏಳುತ್ತಾರೆ. ಆ ಒಂದು ಸೋಲನ್ನು ನಾನು ಕದ್ದೆ.

ಕದ್ದು ಅದಕ್ಕೆ ವಿಷ ಬೆರೆಸಿದೆ. ಜನ ನೋಡುವಾಗ ಸುಬ್ಬತ್ತೆ ಮೂರು ಸಲ ಸೋಲುತ್ತಾಳೆ. ಗಂಡ ಹೆಂಡತಿ ಇಬ್ಬರೂ ರಟ್ಟೆ ಹಿಡಿದು ಎಬ್ಬಿಸಿ, ದಿಂಬು ಕೊಟ್ಟು ಕೂರಿಸಿ, ಒಳಗೆ ಹೋಗುತ್ತಾರೆ. ರಂಗ ಖಾಲಿ. ಸುಬ್ಬತ್ತೆ ಆ ಕಡೆ ಈ ಕಡೆ ನೋಡಿ, ಚಂಗನೆ ಎದ್ದು, ಸ್ಟೂಲ್ ಹತ್ತಿ ಅಟ್ಟದ ಮೇಲಿನ ಚಕ್ಕುಲಿ ಡಬ್ಬ ಇಳಿಸುತ್ತಾಳೆ. ಡಬ್ಬ ಖಾಲಿ ಮಾಡಿ ಮುಚ್ಚಳ ಹಾಕಿ ಮೊದಲಿನ ಜಾಗದಲ್ಲೇ ಇಟ್ಟು ಇಳಿಯುತ್ತಾಳೆ. ಮಾತಿಲ್ಲದ ಎರಡು ನಿಮಿಷ. ಇಡೀ ನಾಟಕದಲ್ಲಿ ಜಾಸ್ತಿ ನಗು ಬೀಳುತ್ತಿದ್ದದ್ದು ಅಲ್ಲೇ.

ಆಮೇಲೆ ಕುಟ್ಟಾಣಿ. ದೇವರಾಜ ಮಾರುಕಟ್ಟೆ ಹತ್ತಿರದ ಪಾತ್ರೆ ಅಂಗಡಿಯಲ್ಲಿ ಹಳೆಯದೊಂದು ಸಿಕ್ಕಿತು. ಗೇಣುದ್ದವೂ ಇಲ್ಲ, ಹಿತ್ತಾಳೆಯದು. ಅದರಲ್ಲಿ ಎಲೆ ಅಡಿಕೆ ಹಾಕಿ ಕುಟ್ಟಿದರೆ ಟೊಕ್ ಟೊಕ್ ಅಂತ ಸದ್ದು. ತಾಲೀಮಿನಲ್ಲಿ ಇದು ಬರೀ ಸಾಮಾನಾಗಿತ್ತು. ಒಂದು ದಿನ ಸೊಸೆ ಪಾತ್ರದವಳು ಮಾತು ಮರೆತು ನಿಂತಳು, ನಾನು ಕೈ ಸುಮ್ಮನಿರದೆ ಕುಟ್ಟಿದೆ. ಅವಳು ನಿಜವಾಗಿ ಬೆಚ್ಚಿದಳು. ಅಲ್ಲಿಂದ ಅದೇ ನನ್ನ ಆಯುಧ. ಸೊಸೆ ಅಳಲು ಬಾಯಿ ತೆರೆದರೆ, ಟೊಕ್. ಗಂಡ ಹೆಂಡತಿ ರಾತ್ರಿ ಪಿಸುಗುಟ್ಟಲು ಶುರು ಮಾಡಿದರೆ, ಗೋಡೆಯಾಚೆಯಿಂದ ಟೊಕ್. ಅವರು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಡಾಕ್ಟರನ್ನು ಬಾಗಿಲ ಹತ್ತಿರ ನಿಲ್ಲಿಸಿ ಅಣ್ಣನ ಮಗ, "ಹೃದಯ ಹೇಗಿದೆ ಡಾಕ್ಟ್ರೇ?" ಅಂತ ಆಸೆಯಿಂದ ಕೇಳುತ್ತಾನೆ. "ಕಲ್ಲಿನ ಹಾಗಿದೆ." ಟೊಕ್ ಟೊಕ್.

ಇಷ್ಟಾದರೂ ಮೊದಲ ಪ್ರದರ್ಶನ ಅರ್ಧಕ್ಕೇ ಮಂಕಾಯಿತು. ಇಪ್ಪತ್ತು ನಿಮಿಷ ಚೆನ್ನಾಗಿ ನಕ್ಕವರು ಆಮೇಲೆ ಗಂಟಲು ಸರಿ ಮಾಡಿಕೊಳ್ಳತೊಡಗಿದರು. ತಪ್ಪು ನನ್ನದೇ. ಮನೆಯವರನ್ನು ಹಸುಗಳಂತೆ ಬರೆದಿದ್ದೆ. ಹಸುವಿಗೆ ಹೊಡೆದರೆ ಯಾರೂ ನಗುವುದಿಲ್ಲ. ಅವರಿಗೂ ಸ್ವಲ್ಪ ಕೊಳಕು ಕೊಟ್ಟೆ. ಈಗ ಸೊಸೆ ಕ್ಯಾಲೆಂಡರಿನಲ್ಲಿ ಏನೋ ಲೆಕ್ಕ ಹಾಕುತ್ತಾಳೆ. ಅಣ್ಣನ ಮಗ ಕಾಶಿಗೆ ಟಿಕೆಟ್ ನೋಡುತ್ತಾನೆ: ಹೋಗಲು ಮೂರು, ಬರಲು ಎರಡು.

ನಿರ್ದೇಶಕರ ಜೊತೆ ಜಗಳವಾದದ್ದು ಬೇರೆ ವಿಷಯಕ್ಕೆ. ಸುಬ್ಬತ್ತೆಯ ಹಿಂದಿನ ಕಥೆ ಒಂದು ದೃಶ್ಯದಲ್ಲಿ ಬರಲಿ, ಪ್ರೇಕ್ಷಕರಿಗೆ ಕರುಳು ಚುರ್ ಅನ್ನಲಿ ಅಂತ ಅವರ ಹಟ. ನನ್ನ ಹತ್ತಿರ ಆ ಕಥೆ ಇತ್ತು. ಸುಬ್ಬತ್ತೆಯ ಮೂಲ ನಮ್ಮ ತಂದೆಯ ಸೋದರತ್ತೆ. ಹದಿನೇಳಕ್ಕೆ ಗಂಡನನ್ನು ಕಳಕೊಂಡು ತವರಿಗೆ ಬಂದು, ಸಂಬಳವಿಲ್ಲದ ಅಡುಗೆಯವಳಾಗಿ ನಲವತ್ತು ವರ್ಷ ಬೇಯಿಸಿ ಹಾಕಿದವರು. ನಿಜದಲ್ಲಿ ಅವರ ಹೆಸರಿನಲ್ಲಿ ಮನೆಯೂ ಇರಲಿಲ್ಲ, ದಾನಪತ್ರವೂ ಇರಲಿಲ್ಲ. ಇದ್ದದ್ದು ನಾಲಿಗೆ ಮಾತ್ರ. ಕೊನೆಯ ಹತ್ತು ವರ್ಷ ಅದನ್ನು ನಮ್ಮ ಅಮ್ಮನ ಮೇಲೆ ಪೂರ್ತಿ ಬಳಸಿದರು. ಆದರೂ ಆ ದೃಶ್ಯ ಬರೆಯಲು ನಾನು ಒಪ್ಪಲಿಲ್ಲ. ಒಂದು ಸಲ ಅಯ್ಯೋ ಪಾಪ ಅಂದವರು ಮತ್ತೆ ಚಕ್ಕುಲಿಗೆ ನಗುವುದಿಲ್ಲ.

ಎರಡನೇ ಪ್ರದರ್ಶನ ರಂಗಾಯಣದ ಭೂಮಿಗೀತದಲ್ಲಿ. ಅಮ್ಮ ಬಂದಿದ್ದರು. ಇಂಥ ಕಥೆ ಅಂತ ಮುಂಚೆ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದರು. ನಕ್ಕರೋ ಇಲ್ಲವೋ, ಬೆಳಕಿನಲ್ಲಿ ನನಗೆ ಕಾಣಲಿಲ್ಲ. ಆಟೋದಲ್ಲೂ ಮಾತಿಲ್ಲ. ರಾತ್ರಿ ತಟ್ಟೆಗೆ ಅನ್ನ ಹಾಕುತ್ತಾ ಅಂದರು:

"ಅವರು ಕುಟ್ಟಾಣಿ ಕುಟ್ತಿದ್ದದ್ದು ಎಡಗೈಯಲ್ಲಿ ಕಣೇ."

"ಎಡಚರಾ?"

"ಇಲ್ವೇ. ನಮ್ಮ ಮದುವೇಲಿ ಚಿರೋಟಿ ಕರಿಯೋವಾಗ ಎಣ್ಣೆ ಬಿದ್ದು ಬಲಗೈ ಬೆಂದು ಹೋಗಿತ್ತು. ಆಮೇಲೆ ಆ ಬೆರಳು ಸರಿಯಾಗಿ ಮಡಿಸೋಕೇ ಬರ್ತಿರ್ಲಿಲ್ಲ." ಸಾರಿನ ಸೌಟು ಎತ್ತಿದರು. "ಸಾಕಾ, ಇನ್ನೂ ಹಾಕ್ಲಾ?"

ಮೂರನೇ ಪ್ರದರ್ಶನದಿಂದ ಎಡಗೈಗೆ ಬದಲಾಯಿಸಿದೆ. ಅಭ್ಯಾಸವಿಲ್ಲದ ಕೈ, ಪೆಟ್ಟು ಹೆಚ್ಚು ಕಡಿಮೆ ಬೀಳುತ್ತಿತ್ತು. ಟೊಕ್, ಸ್ವಲ್ಪ ಬಿಟ್ಟು ಟೊಕ್ ಟೊಕ್. ಮುಂದಿನದು ಯಾವಾಗ ಬೀಳುತ್ತದೋ ಸೊಸೆ ಪಾತ್ರದವಳಿಗೂ ಗೊತ್ತಾಗುತ್ತಿರಲಿಲ್ಲ. ಅವತ್ತು ಅವಳು ಕೈಯಲ್ಲಿದ್ದ ಲೋಟ ನಿಜವಾಗಿಯೂ ಬೀಳಿಸಿದಳು.