ಈ 2,000 ರೂಪಾಯಿ ಯಾವ ಸಾಲಿನಲ್ಲಿ ಟೈಪ್ ಮಾಡಲಿ?

ಬೆಂಗಳೂರಿನ ಹನುಮಂತನಗರದ 50 ಅಡಿ ರಸ್ತೆಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನೋದು ಬೋರ್ಡಿಗೆ. ಹೊಟ್ಟೆ ತುಂಬಿಸೋದು ಬಾಡಿಗೆ ಕರಾರು ಪತ್ರ. 19 ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ನಾನು ವಕೀಲನಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಓನರ್ ಮತ್ತು ಬಾಡಿಗೆದಾರ ಒಂದೇ ಬೆಂಚಿನ ಮೇಲೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ "ಅದನ್ನೂ ಒಂದು ಸೇರಿಸಿಬಿಡಿ" ಎನ್ನುವುದನ್ನು ನನ್ನಷ್ಟು ನೋಡಿದವರು ಕಡಿಮೆ.

ಕಳೆದ ಜೂನ್‌ನಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿ ಆಧಾರ್ ಜೆರಾಕ್ಸ್ ಮಾಡಿಸಲು ಬಂದಳು. ಮೊದಲ ಕೆಲಸ, ಮೊದಲ ಬಾಡಿಗೆ ಮನೆ. ಬಾಡಿಗೆ 16,000, ಅಡ್ವಾನ್ಸ್ 1 ಲಕ್ಷ. "ಅಂಕಲ್, ಓನರ್ ಕಡೆಯವರು ಅಪ್ಲಿಕೇಶನ್ ಫೀಸ್ ಅಂತ 2,000 ಕೇಳ್ತಿದಾರೆ. ಮನೆ ನನಗೇ ಸಿಗುತ್ತೆ ಅಂತ ಇನ್ನೂ ಹೇಳಿಲ್ಲ. ಇದು ಕಾನೂನಿಗೆ ವಿರುದ್ಧ ಅಂತ ನೆಟ್‌ನಲ್ಲಿ ಓದಿದೆ" ಎಂದಳು.

"ಯಾವ ಊರಿನ ಕಾನೂನು ಓದಿದೆಯಮ್ಮ?" ಎಂದು ಕೇಳಿದೆ. ಫೋನ್ ನೋಡಿದಳು. ಅಮೆರಿಕದ್ದು.

ಅವಳು ಓದಿದ್ದು ಸುಳ್ಳಲ್ಲ, ಊರು ಬೇರೆ ಅಷ್ಟೇ. ನನ್ನ ತಂಗಿಯ ಮಗಳು ಬಾಸ್ಟನ್‌ನಲ್ಲಿ ಓದುತ್ತಿದ್ದಾಳೆ. ಅವಳೂ ಒಮ್ಮೆ ಫೋನ್ ಮಾಡಿ "ಮಾವ, ಇಲ್ಲಿ ಮನೆಗೆ ಅರ್ಜಿ ಹಾಕೋಕೂ ದುಡ್ಡು ಕೇಳ್ತಾರೆ" ಎಂದು ಗೋಳಾಡಿದ್ದಳು. ಅಲ್ಲಿ ಓನರ್ ನಿಮ್ಮ ಸಾಲದ ಚರಿತ್ರೆ, ಹಿಂದಿನ ಬಾಡಿಗೆಯ ದಾಖಲೆ ಎಲ್ಲ ತೆಗೆಸಿ ನೋಡುತ್ತಾರೆ. ಅದರ ಖರ್ಚನ್ನು ಅರ್ಜಿ ಹಾಕಿದವರ ಮೇಲೆ ಹಾಕುವ ರೂಢಿ. ಮನೆ ಸಿಗದಿದ್ದರೂ ಸಾಮಾನ್ಯವಾಗಿ ಆ ದುಡ್ಡು ವಾಪಸ್ ಬರುವುದಿಲ್ಲ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ನನ್ನ ತಂಗಿಯ ಮಗಳು ಇರುವ ಮಸಾಚುಸೆಟ್ಸ್‌ನಲ್ಲಿ ಓನರ್ ಶುರುವಿನಲ್ಲಿ ಕೇಳಬಹುದಾದದ್ದು ನಾಲ್ಕೇ: ಮೊದಲ ತಿಂಗಳ ಬಾಡಿಗೆ, ಕೊನೆಯ ತಿಂಗಳ ಬಾಡಿಗೆ, ಒಂದು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್, ಹೊಸ ಬೀಗ-ಕೀಲಿಯ ಖರ್ಚು. ಅರ್ಜಿಯ ಫೀಸ್ ಆ ಪಟ್ಟಿಯಲ್ಲೇ ಇಲ್ಲ. ನ್ಯೂಯಾರ್ಕ್‌ನಲ್ಲಿ 2019ರಿಂದ ಹಿನ್ನೆಲೆ ವಿಚಾರಿಸುವುದಕ್ಕೆ 20 ಡಾಲರ್ ಅಥವಾ ನಿಜವಾದ ಖರ್ಚು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಇಂಗ್ಲೆಂಡ್‌ನಲ್ಲಿ 2019ರ ಜೂನ್ 1ರಿಂದ ಇಂಥ ಫೀಸ್‌ಗಳನ್ನು ನಿಲ್ಲಿಸಿಯೇಬಿಟ್ಟರು. ಇದನ್ನೆಲ್ಲ ಓದಿಕೊಂಡು ನಮ್ಮ ಪಕ್ಕದ ಶ್ರೀನಗರದ ಓನರ್ ಹತ್ತಿರ ಹೋಗಿ "ಇದು ಇಲ್ಲೀಗಲ್" ಎಂದರೆ ಅವರು ನಕ್ಕು ಗೇಟ್ ಹಾಕಿಕೊಳ್ಳುತ್ತಾರೆ.

ಹಾಗಾದರೆ ನಮ್ಮಲ್ಲಿ? ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ. 2001ರ ಕೊನೆಯಲ್ಲಿ ಜಾರಿಗೆ ಬಂತು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. 3,500ಕ್ಕೆ ಇವತ್ತು ನಮ್ಮ ಏರಿಯಾದಲ್ಲಿ ಸ್ಕೂಟರ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಅಂದರೆ ಈಗ ಮನೆ ಹುಡುಕುವ ಬಹುತೇಕ ಎಲ್ಲರೂ ಆ ಕಾಯ್ದೆಯ ಹೊರಗೇ ಇದ್ದಾರೆ. ಇನ್ನೊಂದು, 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳಬಾರದು ಎಂದು ಅದರಲ್ಲಿದೆ. ಬಾಡಿಗೆದಾರರು ಅದರ ಪ್ರಿಂಟ್ ಹಿಡಿದು ಬರುತ್ತಾರೆ, ಪಾಪ. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನು ಮಾಡಿಕೊಳ್ಳುವವರೆಗೆ ಅದಕ್ಕೆ ಬಲವಿಲ್ಲ. ಅದಕ್ಕೇ ಇಲ್ಲಿ ಆರು ತಿಂಗಳು, ಹತ್ತು ತಿಂಗಳ ಅಡ್ವಾನ್ಸ್ ಇನ್ನೂ ನಡೆಯುತ್ತಿದೆ.

ಉಳಿಯುವುದು ಎರಡು ಹಳೇ ಕಾನೂನು. 1872ರ ಕರಾರು ಕಾಯ್ದೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಎರಡರಲ್ಲೂ ಅಪ್ಲಿಕೇಶನ್ ಫೀಸ್ ಎನ್ನುವ ಮಾತಿಲ್ಲ. ಕೇಳಬೇಡಿ ಎಂದೂ ಇಲ್ಲ, ಕೇಳಿ ಎಂದೂ ಇಲ್ಲ. ಓನರ್ ಕೇಳಬಹುದು, ನೀವು ಆಗಲ್ಲ ಎನ್ನಬಹುದು. ಒಪ್ಪಿ ಕೊಟ್ಟರೆ ಅದು ಒಪ್ಪಂದ. ಯಾವ ಮಾತಿನ ಮೇಲೆ ಕೊಟ್ಟಿರೋ ಆ ಮಾತು ಮಾತ್ರ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಅದಕ್ಕೇ ಕೊಡುವ ಮೊದಲು ಆ ಮಾತನ್ನು ಬಾಯಿಬಿಡಿಸಬೇಕು, ಬರೆಸಿಕೊಳ್ಳಬೇಕು.

ನಾನು ಆ ಹುಡುಗಿಗೆ ಹೇಳಿದ್ದು ಒಂದೇ. ಫೀಸ್ ಸರಿಯಾ ತಪ್ಪಾ ಎಂದು ಜಗಳ ಬೇಡ. "ಈ 2,000 ಕರಾರು ಪತ್ರದಲ್ಲಿ ಯಾವ ಸಾಲಿನಲ್ಲಿ ಬರುತ್ತೆ ಸರ್?" ಎಂದು ಕೇಳು. ಕರಾರು ಪತ್ರದಲ್ಲಿ ದುಡ್ಡಿನ ಸಾಲುಗಳು ಇರುವುದೇ ನಾಲ್ಕೈದು. ಅಡ್ವಾನ್ಸ್, ಬಾಡಿಗೆ, ಮೇಂಟೆನೆನ್ಸ್, ಮನೆ ಬಿಡುವಾಗ ಪೇಂಟಿಂಗ್‌ಗೆ ಹಿಡಿದುಕೊಳ್ಳುವುದು, 11 ತಿಂಗಳ ಮೇಲೆ ಏರುವ ಬಾಡಿಗೆ. ಇದರಲ್ಲಿ ಎಲ್ಲೂ ಕೂರದ ದುಡ್ಡು ಬೇರೆ ಯಾರದೋ ಜೇಬಿಗೆ ಹೋಗುವ ದುಡ್ಡು.

ಟೋಕನ್, ಅಂದರೆ ಮನೆ ಬೇರೆಯವರಿಗೆ ಹೋಗದಂತೆ ಮೊದಲೇ ಕೊಡುವ ದುಡ್ಡು, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮೂರಲ್ಲಿ ಅರ್ಜಿ ಫೀಸ್‌ನ ಕೆಲಸವನ್ನೆಲ್ಲ ಮಾಡುವುದು ಅದೇ. "ಇನ್ನಿಬ್ಬರು ನೋಡಿಕೊಂಡು ಹೋಗಿದ್ದಾರೆ, 5,000 ಟೋಕನ್ ಹಾಕಿ, ಬೋರ್ಡ್ ತೆಗೆಸ್ತೀನಿ" ಎನ್ನುತ್ತಾರೆ. ಕೊಡುವುದು ತಪ್ಪಲ್ಲ. ಕೊಡದಿದ್ದರೆ ಒಳ್ಳೆ ಮನೆ ಕೈ ತಪ್ಪಿ ಹೋಗುತ್ತದೆ. ಆದರೆ ಮೂರು ವಿಷಯ ಮೊದಲೇ ಆಗಿರಬೇಕು: ಮನೆ ಸಿಕ್ಕರೆ ಟೋಕನ್ ಅಡ್ವಾನ್ಸ್‌ಗೆ ಸೇರಬೇಕು, ಓನರ್ ಮನಸ್ಸು ಬದಲಿಸಿದರೆ ಪೂರ್ತಿ ವಾಪಸ್ ಬರಬೇಕು, ನೀವೇ ಬೇಡ ಎಂದರೆ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದು ಗೊತ್ತಿರಬೇಕು. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಜಗಳ ಆಗುವುದೆಲ್ಲ ಅಲ್ಲೇ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಮಾತು ತಪ್ಪಿದರೆ ಇಷ್ಟು ಕೊಡಬೇಕು ಎಂದು ಬರೆದಿದ್ದರೂ ಸಿಗಬೇಕಾದದ್ದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲ್ಮಿತಿ. ಮಾರನೇ ದಿನವೇ ಬೇರೆಯವರಿಗೆ ಮನೆ ಕೊಟ್ಟ ಓನರ್‌ಗೆ ನಿಮ್ಮಿಂದ ಏನು ನಷ್ಟವಾಯಿತು ಎಂದು ಕೇಳುವ ಹಕ್ಕು ನಿಮಗಿದೆ.

ಬ್ರೋಕರ್ ಕಮಿಷನ್ ಬೇರೆ ಲೆಕ್ಕ. ಒಂದು ತಿಂಗಳ ಬಾಡಿಗೆ ಇಲ್ಲಿ ರೂಢಿ. ಮಾತಾಡಿದರೆ ಹದಿನೈದು ದಿನದ್ದಕ್ಕೂ ಇಳಿಯುತ್ತಾರೆ. ಮನೆ ಫಿಕ್ಸ್ ಆದ ಮೇಲೆ ಕೊಡಿ, ತೋರಿಸಿದ್ದಕ್ಕೆ ಕೊಡಬೇಡಿ. ಕರಾರು ಪತ್ರದ ಖರ್ಚು, ಅಂದರೆ ಇ-ಸ್ಟಾಂಪ್, ಟೈಪಿಂಗ್, ನೋಟರಿ, ಹೆಚ್ಚಿನವರು ಅರ್ಧರ್ಧ ಹಂಚಿಕೊಳ್ಳುತ್ತಾರೆ. ಅದಕ್ಕೆ ಓನರ್ 2,500 ಕೇಳಿದರೆ ನಮ್ಮಂಥ ಯಾವುದೇ ಅಂಗಡಿಗೆ ಬಂದು ರೇಟ್ ಕೇಳಿ ನೋಡಿ. ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನು ಇಳಿಸುವ ದಿನ ಅಸೋಸಿಯೇಶನ್‌ನವರು ಮೂವ್-ಇನ್ ಚಾರ್ಜ್ ಕೇಳುತ್ತಾರೆ. ಅದು ಓನರ್ ಕಟ್ಟಬೇಕಾ ನೀವಾ ಎನ್ನುವುದನ್ನು ಕರಾರಿನಲ್ಲೇ ಹಾಕಿಸಿ, ಅಸೋಸಿಯೇಶನ್ ಹೆಸರಿನ ರಸೀದಿ ಕೇಳಿ. ಲಾರಿ ಗೇಟಿನಲ್ಲಿ ನಿಂತಾಗ ವಾದ ಮಾಡಲು ಆಗುವುದಿಲ್ಲ, ಅದು ಅವರಿಗೂ ಗೊತ್ತು.

ಈಗ ನನ್ನ ಮನೆಯದೇ ಕಥೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಎರಡು ವರ್ಷದ ಹಿಂದೆ ನನ್ನ ಮಗನಿಗೆ ಮಾರತಹಳ್ಳಿ ಕಡೆ ಕೆಲಸ ಸಿಕ್ಕಿತು. ಆನ್‌ಲೈನ್‌ನಲ್ಲಿ ಒಂದು ಫ್ಲಾಟ್ ನೋಡಿದ. ಫೋಟೊ ಚೆನ್ನಾಗಿತ್ತು, ಬಾಡಿಗೆ ಕಡಿಮೆ ಇತ್ತು. ಫೋನ್ ಮಾಡಿದರೆ ಆ ಕಡೆಯ ಮನುಷ್ಯ ತಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಕೀ ಸೆಕ್ಯೂರಿಟಿ ಹತ್ತಿರ ಇದೆ ಎಂದ. ಐಡಿ ಕಾರ್ಡಿನ ಫೋಟೊ ಕೂಡ ಕಳಿಸಿದ. ಮನೆ ನೋಡಬೇಕಾದರೆ ಗೇಟ್ ಪಾಸ್ ಮಾಡಿಸಬೇಕು, 2,500 ಹಾಕಿ, ಮನೆ ಬೇಡ ಅಂದರೆ ವಾಪಸ್ ಎಂದ. ಮಗ ಹಾಕಿದ. ಆಮೇಲೆ ಇನ್ನೂ 5,000 ಕೇಳಿದಾಗ ನನಗೆ ಹೇಳಿದ. ಅಷ್ಟೊತ್ತಿಗೆ ಆ ನಂಬರ್ ಸ್ವಿಚ್ ಆಫ್. ದಿನಕ್ಕೆ ನಾಲ್ಕು ಕರಾರು ಟೈಪ್ ಮಾಡುವವನ ಮಗ! ಮನೆಯಾಕೆ ಇವತ್ತಿಗೂ ಊಟಕ್ಕೆ ಕೂತಾಗ ಅದನ್ನೇ ಎತ್ತುತ್ತಾಳೆ.

ಇದು ಫೀಸ್ ಅಲ್ಲ, ಮೋಸ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೋಸಕ್ಕೆ 318ನೇ ಕಲಂ ಇದೆ. ಹೀಗೆ ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಆ ಕಡೆಯ ಖಾತೆಯಲ್ಲಿ ದುಡ್ಡು ತಡೆಯುವ ಅವಕಾಶ ಜಾಸ್ತಿ. ನಾವು ಎರಡು ದಿನ ನಾಚಿಕೊಂಡು ಕೂತೆವು, ದುಡ್ಡು ಹೋಯಿತು. ಇನ್ನೊಂದು ವಿಷಯ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. "ವಾಪಸ್ ಹಾಕ್ತೀನಿ, ಪಿನ್ ಒತ್ತಿ" ಎಂದರೆ ಫೋನ್ ಇಟ್ಟುಬಿಡಿ.

ನಿಜವಾದ ಓನರ್ ಹೌದಾ ಎಂದು ನೋಡುವುದು ಕಷ್ಟವಲ್ಲ. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯೂ ಹಾಕಬೇಡಿ. ಬೆಸ್ಕಾಂ ಬಿಲ್, ಕಂದಾಯದ ರಸೀದಿ ತೋರಿಸಿ ಎಂದು ಕೇಳಿ. ಅದರಲ್ಲಿರುವ ಹೆಸರೂ ದುಡ್ಡು ಹೋಗುವ ಖಾತೆಯ ಹೆಸರೂ ಒಂದೇ ಇರಬೇಕು. ಅಪ್ಪನ ಹೆಸರಲ್ಲಿ ಬಿಲ್, ಮಗನ ಖಾತೆಗೆ ದುಡ್ಡು ಎನ್ನುವುದೂ ಇರುತ್ತದೆ. ಆಗ ಅಕ್ಕಪಕ್ಕದ ಮನೆಯವರನ್ನು ಒಂದು ಮಾತು ಕೇಳಿ, ಕೆಳಗಿನ ಅಂಗಡಿಯವರಿಗೆ ಎಲ್ಲ ಗೊತ್ತಿರುತ್ತದೆ. ಓನರ್ ನಿಮ್ಮ ಕಾಗದಪತ್ರ ಕೇಳುವುದೂ ನ್ಯಾಯವೇ. ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಕೊಡಿ. ಜೆರಾಕ್ಸ್ ಪ್ರತಿಯ ಮೇಲೆ "ಬಾಡಿಗೆ ಮನೆಗಾಗಿ ಮಾತ್ರ" ಎಂದು ತಾರೀಖು ಹಾಕಿ ಅಡ್ಡ ಬರೆಯಿರಿ. ಪೆನ್ ನನ್ನ ಕೌಂಟರ್ ಮೇಲೇ ಕಟ್ಟಿದ್ದೇನೆ.

ದುಡ್ಡು ಹಾಕುವ ಮೊದಲು ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಕಳಿಸಿ. ಆ ಹುಡುಗಿಗೆ ನಾನು ಬರೆದುಕೊಟ್ಟದ್ದು ಹೀಗಿತ್ತು:

"ಸರ್, ನಮಸ್ಕಾರ. ಎರಡನೇ ಮಹಡಿಯ ಮನೆಗೆ ಇವತ್ತು 2,000 ಕಳಿಸುತ್ತಿದ್ದೇನೆ. ಮನೆ ನನಗೆ ಕೊಟ್ಟರೆ ಇದು 1 ಲಕ್ಷ ಅಡ್ವಾನ್ಸ್‌ನಲ್ಲಿ ಸೇರುತ್ತದೆ. ಕೊಡದಿದ್ದರೆ 7 ದಿನದೊಳಗೆ ವಾಪಸ್ ಮಾಡುತ್ತೀರಿ. ಸರಿ ಎಂದು ಉತ್ತರ ಹಾಕಿದರೆ ತಕ್ಷಣ ಕಳಿಸುತ್ತೇನೆ."

ಉತ್ತರ ಬಂದ ಮೇಲೆ ಯುಪಿಐನಲ್ಲಿ ಕಳಿಸಿ, ವಿವರದಲ್ಲಿ "ಅಡ್ವಾನ್ಸ್ ಬಾಬ್ತು" ಎಂದು ಹಾಕಿ. ಕ್ಯಾಶ್ ಕೇಳಿದರೆ ಕೈಬರಹದ ಚೀಟಿಯಾದರೂ ಸರಿ, ಸಹಿ ತೆಗೆದುಕೊಳ್ಳಿ. "ನಂಬಿಕೆ ಇಲ್ವಾ?" ಎಂದು ಕೆಲವರು ಮುಖ ಊದಿಸುತ್ತಾರೆ. ಅಂಥವರ ಮನೆಯಲ್ಲಿ 11 ತಿಂಗಳು ಇರಬೇಕಾ ಎಂದು ಅಲ್ಲೇ ಯೋಚಿಸಬಹುದು.

ಈಗಾಗಲೇ ಕೊಟ್ಟಾಗಿದೆ, ವಾಪಸ್ ಕೊಡುತ್ತಿಲ್ಲ ಎಂದರೆ? ನಿಜ ಹೇಳುತ್ತೇನೆ, 2,000ಕ್ಕೆ ವಕೀಲರನ್ನು ಹಿಡಿದರೆ ಲೆಕ್ಕ ಕೂಡುವುದಿಲ್ಲ. ಮೊದಲು ತಾರೀಖು, ಮೊತ್ತ, ಯಾವ ಮಾತಿನ ಮೇಲೆ ಕೊಟ್ಟಿದ್ದು ಎಂಬುದನ್ನು ಬರೆದು, 15 ದಿನ ಕೊಟ್ಟು, ರಿಜಿಸ್ಟ್ರೇಷನ್ ಹಾಕಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಮನೆಗೆ ಪೋಸ್ಟ್‌ಮ್ಯಾನ್ ಬಂದು ಸಹಿ ಹಾಕಿಸಿಕೊಂಡರೆ ಅರ್ಧ ಜನ ದುಡ್ಡು ಹಾಕಿಬಿಡುತ್ತಾರೆ. ಮೊತ್ತ ದೊಡ್ಡದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ದುಡ್ಡು ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷ ಸಮಯ. ಮನೆ ತೋರಿಸುತ್ತೇವೆ ಎಂದು ದುಡ್ಡು ಕಟ್ಟಿಸಿಕೊಂಡ ವೆಬ್‌ಸೈಟ್ ಅಥವಾ ಬ್ರೋಕರ್ ಮೇಲಿನ ದೂರಾದರೆ ಗ್ರಾಹಕರ ಸಹಾಯವಾಣಿ 1915 ಇದೆ. ಅವರು ಸೇವೆ ಮಾರಿದವರು, ಓನರ್ ಹಾಗಲ್ಲ.

ಆ ಹುಡುಗಿ ಮೆಸೇಜ್ ಕಳಿಸಿದಳು. ಒಂದು ದಿನ ಉತ್ತರವಿಲ್ಲ. ಮೂರನೇ ದಿನ ಓನರ್ ಅವಳನ್ನು ಕರೆದುಕೊಂಡು ನನ್ನ ಅಂಗಡಿಗೇ ಬಂದರು, ಕರಾರು ಟೈಪ್ ಮಾಡಿಸಲು. ನನ್ನ ಹಳೇ ಗಿರಾಕಿ! ಇ-ಸ್ಟಾಂಪ್ ಮೇಲೆ ಒಂದನೇ ಪಾರ್ಟಿ, ಎರಡನೇ ಪಾರ್ಟಿ ಹೆಸರು ನೋಡಿಕೊಂಡೆ, ಬಾಡಿಗೆ ಹಾಕಿದೆ, ಅಡ್ವಾನ್ಸ್ ಹತ್ತಿರ ಬಂದು ಕೈ ನಿಲ್ಲಿಸಿದೆ.

"ಸರ್, ಅಪ್ಲಿಕೇಶನ್ ಫೀಸ್ 2,000 ಅಂತ ಇದೆಯಂತಲ್ಲ. ಅದನ್ನ ಯಾವ ಸಾಲಿನಲ್ಲಿ ಟೈಪ್ ಮಾಡಲಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ನಮ್ಮ ಬಿಲ್ಡಿಂಗ್ ನೋಡಿಕೊಳ್ಳೋ ಹುಡುಗ ಕೇಳಿರಬೇಕು. ಫೀಸೂ ಬೇಡ, ಏನೂ ಬೇಡ. ಅಡ್ವಾನ್ಸ್ 1 ಲಕ್ಷ ಅಂತಲೇ ಹಾಕಿ" ಎಂದರು. ಹಾಕಿದೆ. "ಅಕ್ಷರದಲ್ಲಿ ಒಂದು ಲಕ್ಷ ರೂಪಾಯಿ ಮಾತ್ರ, ಮನೆ ಖಾಲಿ ಮಾಡುವಾಗ ಯಾವುದೇ ಬಡ್ಡಿ ಇಲ್ಲದೆ ವಾಪಸು." ಟೈಪಿಂಗ್ ಚಾರ್ಜ್ ಇಬ್ಬರೂ ಅರ್ಧರ್ಧ ಕೊಟ್ಟರು.