ಟಿಪ್ಪುವಿನ ಹೈದರಿ ಯಾರ ಕೈ ದಾಟಿ ಬಂತು?

ಟಿಪ್ಪು ಸುಲ್ತಾನನ ಎರಡು ರೂಪಾಯಿ ಬೆಳ್ಳಿ ನಾಣ್ಯಕ್ಕೆ ಹೈದರಿ ಅಂತ ಹೆಸರು. ನನ್ನ ಹತ್ತಿರ ಇರುವುದು ಶ್ರೀರಂಗಪಟ್ಟಣದ ಟಂಕಸಾಲೆಯದು, ಮೌಲೂದಿ ವರ್ಷ 1216 (ಮೌಲೂದಿ ಅಂದರೆ ಟಿಪ್ಪು ತಾನೇ ತಂದ ವರ್ಷಗಣನೆ). ಅಂಕಿಗಳು ಬಲದಿಂದ ಎಡಕ್ಕೆ ಇವೆ. ನಾನಿರುವುದು ಇಂಗ್ಲೆಂಡಿನಲ್ಲಿ, ಕೊಂಡದ್ದೂ ಇಲ್ಲೇ. ಮಾರಿದವರು ‘ಹಳೇ ಸಂಗ್ರಹದ್ದು’ ಅಂದರು, ಅಷ್ಟೇ.

ನನಗೆ ಅಷ್ಟು ಸಾಲದು. ಹೈದರಿಗೆ ನಕಲುಗಳ ಕಾಟ ಇದೆ. ಜೊತೆಗೆ 1972ರ ಪ್ರಾಚ್ಯವಸ್ತು ಕಾಯ್ದೆ ಬಂದ ಮೇಲೆ, ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ನಮ್ಮೂರಿನಿಂದ ಕದ್ದು ಸಾಗಿಸಿದ ನಾಣ್ಯ ನನ್ನ ಪೆಟ್ಟಿಗೆಯಲ್ಲಿ ಇರಬಾರದು. 1972ಕ್ಕೂ ಮುಂಚೆ ಭಾರತದ ಹೊರಗೆ ನಡೆದ ಹರಾಜಿನ ಕ್ಯಾಟಲಾಗಿನಲ್ಲಿ ಅದರ ಚಿತ್ರ ಸಿಕ್ಕರೆ ಎರಡು ಅನುಮಾನವೂ ಒಟ್ಟಿಗೆ ತೀರುತ್ತವೆ.

ಹುಡುಕಾಟ ಶುರುವಾದದ್ದು ಕಂಪ್ಯೂಟರಿನಲ್ಲೇ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ನ್ಯೂಮನ್ ಪೋರ್ಟಲ್ ಎಂಬ ನಾಣ್ಯಗಳ ಜಾಲತಾಣದಲ್ಲಿ ಸ್ಕ್ಯಾನ್ ಮಾಡಿದ ಕ್ಯಾಟಲಾಗ್‌ಗಳು ರಾಶಿ ಇವೆ. ಇಂಗ್ಲಿಷಿನಲ್ಲಿ ‘ಟಿಪು’ ಅಂತ ಮಾತ್ರ ಹುಡುಕಿದರೆ ಆಗಲ್ಲ. ‘ಟಿಪ್ಪೂ’, ‘ಸೆರಿಂಗಪಟಂ’, ‘ಪಟನ್’, ‘ಮೈಸೋರ್’ ಎಲ್ಲ ಹಾಕಿ ನೋಡಬೇಕು. 1904-05ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನಾಣ್ಯ ವ್ಯಾಪಾರಿ ಶುಲ್ಮನ್ ಹರಾಜು ಹಾಕಿದ, ವೈಟ್ ಕಿಂಗ್ ಎಂಬವರ ಸಂಗ್ರಹದ ಕ್ಯಾಟಲಾಗನ್ನು ಮೊದಲು ನೋಡಿದೆ. ನನ್ನದು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಲೈಬ್ರರಿಯಲ್ಲಿ, ಎರಡನೇ ಮಹಾಯುದ್ಧಕ್ಕೂ ಮುಂಚಿನ ಒಂದು ಲಂಡನ್ ಕ್ಯಾಟಲಾಗಿನ ಚಿತ್ರಪುಟದಲ್ಲಿ.

ಸಿಕ್ಕಿತು ಅಂತ ಹೇಗೆ ಗೊತ್ತಾಯಿತು? ಇದೇ ಮುಖ್ಯ. ಅಕ್ಷರದ ಆಕಾರ, ಅಕ್ಷರಗಳ ನಡುವಿನ ಬಿರುಕಿನ ಗೆರೆ ಇವೆಲ್ಲ ಅಚ್ಚಿನವು. ಒಂದೇ ಅಚ್ಚಿನಿಂದ ಎದ್ದ ಬೆಲ್ಲದ ಹಾಗೆ, ಆ ಅಚ್ಚಿನ ಬೇರೆ ನಾಣ್ಯಗಳಲ್ಲೂ ಅವು ಇರುತ್ತವೆ. ಅದನ್ನು ನೋಡಿ ‘ಇದೇ ನಾಣ್ಯ’ ಅನ್ನುವವರು ಜಾಸ್ತಿ, ಆದರೆ ಅದು ಪುರಾವೆಯಲ್ಲ. ನೋಡಬೇಕಾದ್ದು ಬೆಳ್ಳಿಯ ಬಿಲ್ಲೆಯನ್ನು. ಕೈಯಿಂದ ಹೊಡೆದ ನಾಣ್ಯ ಅಲ್ವಾ, ಒಂದೊಂದು ಬಿಲ್ಲೆಯ ಅಂಚೂ ಬೇರೆ, ಅಚ್ಚು ಕೂತ ಜಾಗವೂ ಬೇರೆ. ನನ್ನದರಲ್ಲಿ ಎಡಗಡೆ ಅಚ್ಚಿನ ಚುಕ್ಕಿಗಳ ಸಾಲು ಬಿಲ್ಲೆಯ ಹೊರಗೆ ಜಾರಿದೆ. ಕೆಳಗೆ ಅಂಚು ಸಣ್ಣಗೆ ಸೀಳಿದೆ. ‘ಹೈದರ್’ ಅನ್ನುವ ಅಕ್ಷರಗಳ ಮೇಲೆ ಓರೆಯಾದ ಒಂದು ಪೆಟ್ಟು. ಮೂರೂ ಆ ಪುಟದಲ್ಲಿ ಅದೇ ಜಾಗದಲ್ಲಿದ್ದವು.

ಆ ಕಾಲದ ಚಿತ್ರಗಳು ಹೆಚ್ಚಾಗಿ ನಾಣ್ಯದ ಫೋಟೋ ಅಲ್ಲ, ನಾಣ್ಯದಿಂದ ತೆಗೆದ ಪ್ಲಾಸ್ಟರ್ ಪಡಿಯಚ್ಚಿನ ಫೋಟೋ. ಹಾಗಾಗಿ ಬಣ್ಣ, ಹೊಳಪು ಹೋಲಿಸಿ ಪ್ರಯೋಜನವಿಲ್ಲ. ಇನ್ನೊಂದು ಮಾತು: ಇಂದಿನ ನಾಣ್ಯದಲ್ಲಿ ಹೊಸ ಗೀರು ಇದ್ದರೆ ಪರವಾಗಿಲ್ಲ, ಆಮೇಲೆ ಬಿದ್ದಿರಬಹುದು. ಹಳೆಯ ಚಿತ್ರದಲ್ಲಿರುವ ಆಳವಾದ ಪೆಟ್ಟು ಈಗ ಮಾಯವಾಗಿದ್ದರೆ ಮಾತ್ರ ಅನುಮಾನಿಸಬೇಕು. ಅದು ಬೇರೆ ನಾಣ್ಯ, ಇಲ್ಲವೇ ಯಾರೋ ತುಂಬಿ ಉಜ್ಜಿದ್ದಾರೆ. ತೂಕ ಗ್ರೇನ್‌ನಲ್ಲಿ ಕೊಟ್ಟಿರುತ್ತಾರೆ, 0.0648ರಿಂದ ಗುಣಿಸಿದರೆ ಗ್ರಾಂ ಬರುತ್ತದೆ. ಅಲ್ಲಿ 352 ಗ್ರೇನ್ ಇತ್ತು. ನನ್ನ ತಕ್ಕಡಿಯಲ್ಲಿ 22.8 ಗ್ರಾಂ.

ಲೈಬ್ರರಿ ಪ್ರತಿಯ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬೆಲೆ ಮತ್ತು ಕೊಂಡವರ ಹೆಸರು ಬರೆದಿದ್ದರು. ಅದು ಒಬ್ಬ ವ್ಯಾಪಾರಿಯ ಹೆಸರು. ಹಾಗಾಗಿ ಮುಂದಿನ ಹುಡುಕಾಟ ಹರಾಜಿನಲ್ಲಲ್ಲ, ಅವರು ಗಿರಾಕಿಗಳಿಗೆ ಕಳಿಸುತ್ತಿದ್ದ ದರಪಟ್ಟಿಗಳಲ್ಲಿ. ಅವುಗಳಲ್ಲಿ ಚಿತ್ರ ಕಡಿಮೆ. ತೂಕ ಮತ್ತು ಇಸವಿ ಹಿಡಿದೇ ಹೋಗಬೇಕು.