ಮೇಷ್ಟ್ರ ಹೆಸರಿನ ಪ್ರಶಸ್ತಿಗೆ ಶಾಲೆಯನ್ನು ಆರಿಸಿದ್ದು ಹೀಗೆ

ಅಗಲಿದ ಶಿಕ್ಷಕರ ಹೆಸರಿನಲ್ಲಿ ಪ್ರಶಸ್ತಿ ಇಡೋಣ ಅಂದ ಕೂಡಲೇ ಮಾತು ಫಲಕ, ವೇದಿಕೆ, ಅತಿಥಿಗಳ ಕಡೆ ಹೊರಳುತ್ತದೆ. ನಾವು ಅದನ್ನೆಲ್ಲ ಕೊನೆಗಿಟ್ಟು, ಮೇಷ್ಟ್ರು ದಿನಾ ಏನು ಮಾಡುತ್ತಿದ್ದರು ಎಂದು ಹಳೆಯ ವಿದ್ಯಾರ್ಥಿಗಳನ್ನೂ ಸಹೋದ್ಯೋಗಿಗಳನ್ನೂ ಕೇಳಿ ಬರೆದುಕೊಂಡೆವು. ಅದರಲ್ಲಿದ್ದ ‘ಸಮರ್ಪಣಾ ಭಾವ’, ‘ಆದರ್ಶ ವ್ಯಕ್ತಿತ್ವ’ ಹೊಡೆದುಹಾಕಿ, ಶಾಲೆಗೆ ಹೋಗಿ ಕಣ್ಣಾರೆ ನೋಡಲು ಆಗುವಂಥದ್ದನ್ನಷ್ಟೇ ಉಳಿಸಿಕೊಂಡೆವು: ತಡವರಿಸುವ ಮಗುವನ್ನು ಪಕ್ಕದಲ್ಲಿ ಕೂರಿಸಿ ಓದಿಸುವುದು, ಬಾರದ ಮಗುವಿನ ಮನೆಗೆ ಹೋಗುವುದು, ನೋಟ್‌ಬುಕ್ ಸಾಲುಸಾಲಾಗಿ ತಿದ್ದುವುದು. 100 ಅಂಕ ಹಂಚಿದ್ದು ಹೀಗೆ: ಹಿಂದುಳಿದ ಮಕ್ಕಳ ಓದು ಸುಧಾರಿಸಿದ್ದಕ್ಕೆ 35, ಹಾಜರಾತಿಗೆ 25, ತಿದ್ದುವಿಕೆಗೆ 25, ಗ್ರಂಥಾಲಯದ ಬಳಕೆಗೆ 15.

ಪರೀಕ್ಷಾ ಫಲಿತಾಂಶಕ್ಕೆ ಅಂಕವೇ ಇಡಲಿಲ್ಲ. 10 ಮಕ್ಕಳ ತರಗತಿಯಲ್ಲಿ ಒಬ್ಬರು ಫೇಲಾದರೆ ಫಲಿತಾಂಶ ಶೇ. 90ಕ್ಕಿಳಿಯುತ್ತದೆ, 100 ಮಕ್ಕಳಿದ್ದರೆ ಶೇ. 99. ಹಾಗಾಗಿ ಪಟ್ಟಿಯ ತುದಿಯಲ್ಲೂ ತಳದಲ್ಲೂ ಸಣ್ಣ ಶಾಲೆಗಳೇ ಹೆಚ್ಚಾಗಿ ಬಂದು ಕೂರುತ್ತವೆ. ಅದು ಸಂಖ್ಯೆಯ ಆಟ, ಶಿಕ್ಷಕರ ದುಡಿಮೆಯಲ್ಲ. ಆರಿಸಿ ಸೇರಿಸಿಕೊಳ್ಳುವ ಶಾಲೆಗಂತೂ ಫಲಿತಾಂಶ ಬಾಗಿಲಲ್ಲೇ ಸಿಕ್ಕಿಬಿಡುತ್ತದೆ.

ಓದು ಅಳೆಯಲು ಎರಡು ಭೇಟಿ ಬೇಕು: ಶಾಲಾ ವರ್ಷದ ಆರಂಭದಲ್ಲೊಂದು, ಕೊನೆಯಲ್ಲೊಂದು. ಹಿಂದುಳಿದ 10 ಮಕ್ಕಳನ್ನು ನಾವೇ ಗುರುತಿಸಿ, ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಸರಿಯಾಗಿ ಓದಿದ ಪದ ಎಣಿಸುತ್ತೇವೆ. ಎರಡನೇ ಸಲ ಅದೇ ಮಟ್ಟದ ಬೇರೆ ಪಾಠ. ಹಳೆಯದನ್ನೇ ಕೊಟ್ಟರೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಇಲ್ಲೊಂದು ಮೋಸವಿದೆ. ತೀರಾ ಕಡಿಮೆ ಓದಿದವರನ್ನೇ ಆರಿಸಿದರೆ, ಶಾಲೆ ಏನೂ ಮಾಡದಿದ್ದರೂ ಎರಡನೇ ಸಲ ಅವರ ಸರಾಸರಿ ಕೊಂಚ ಏರುತ್ತದೆ, ಏಕೆಂದರೆ ಮೊದಲ ದಿನ ಬರೀ ಹೆದರಿ ತೊದಲಿದವರೂ ಅದರಲ್ಲಿರುತ್ತಾರೆ. ಆದ್ದರಿಂದ ಏರಿಕೆಯನ್ನಷ್ಟೇ ನೋಡದೆ, ಅದೇ ವಿಧಾನದಲ್ಲಿ ಅಳೆದ ಉಳಿದ ಶಾಲೆಗಳ ಏರಿಕೆಯ ಜೊತೆ ಹೋಲಿಸಬೇಕು.

ಭೇಟಿಗೆ ಇಬ್ಬರು, ಮೂರು ಗಂಟೆ. ಯಾವ ವಾರ ಎಂದು ತಿಳಿಸುತ್ತೇವೆ, ದಿನ ಹೇಳುವುದಿಲ್ಲ. ಮೂರನೇ ಪೀರಿಯಡ್‌ನಲ್ಲಿ ತಲೆ ಎಣಿಸಿ ಹಾಜರಿ ಪುಸ್ತಕಕ್ಕೆ ತಾಳೆ ಹಾಕುತ್ತೇವೆ. ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯ ‘ರೈಟ್’ ಗುರುತಿಗೆ ಬೆಲೆಯಿಲ್ಲ. ತಪ್ಪಾದ ಲೆಕ್ಕದ ಕೆಳಗೆ ಮಗು ಅದನ್ನೇ ಮತ್ತೆ ಮಾಡಿದೆಯೇ, ಅದನ್ನೂ ಶಿಕ್ಷಕರು ನೋಡಿದ್ದಾರೆಯೇ ಅನ್ನುವುದು ಮುಖ್ಯ. ಪುಸ್ತಕ ಕೊಟ್ಟ ರಿಜಿಸ್ಟರಿನಲ್ಲಿ ಎರಡು ತಿಂಗಳ ನಮೂದೆಲ್ಲ ಒಂದೇ ಪೆನ್ನು, ಒಂದೇ ಓಟದ ಅಕ್ಷರದಲ್ಲಿದ್ದರೆ ಅದು ಹಿಂದಿನ ರಾತ್ರಿಯ ಕೆಲಸ. ಅಂಥ ಕಡೆ ಕಪಾಟು ತೆಗೆದು ಪುಸ್ತಕದ ಅಂಚು ನೋಡಿದರೆ ಸಾಕು, ಮಕ್ಕಳ ಕೈಗೆ ಹೋಗಿದೆಯೋ ಇಲ್ಲವೋ ತಿಳಿಯುತ್ತದೆ.

ಅರ್ಜಿ ಒಂದೇ ಪುಟ, ಆರು ಪ್ರಶ್ನೆ, ಫೋಟೊ ಬೇಡ. ಅರ್ಜಿ ಉದ್ದವಾದಷ್ಟೂ ಚೆನ್ನಾಗಿ ಬರೆಯಬಲ್ಲ ಒಬ್ಬರಿರುವ ಶಾಲೆ ಗೆಲ್ಲುತ್ತದೆ.

ತೀರ್ಪುಗಾರರು ಐವರು. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ಅಂಕ ಬರೆದು ಲಕೋಟೆಯಲ್ಲಿ ಕೊಡಬೇಕು. ಇಲ್ಲದಿದ್ದರೆ ಹಿರಿಯರು ಮೊದಲು ಬಾಯಿ ಬಿಟ್ಟ ಅಂಕದ ಸುತ್ತಲೇ ಉಳಿದವರದೂ ಸುತ್ತುತ್ತದೆ. ಒಂದೇ ಶಾಲೆಗೆ ಇಬ್ಬರು ಕೊಟ್ಟ ಅಂಕದಲ್ಲಿ 15ಕ್ಕಿಂತ ಹೆಚ್ಚು ಅಂತರವಿದ್ದರೆ ಸರಾಸರಿ ತೆಗೆಯುವುದಿಲ್ಲ, ಟಿಪ್ಪಣಿ ಮುಂದಿಟ್ಟುಕೊಂಡು ಕಾರಣ ಹುಡುಕುತ್ತೇವೆ. ನಂಟಿರುವ ಶಾಲೆಯ ಸರದಿ ಬಂದಾಗ ತೀರ್ಪುಗಾರರು ಕೊಠಡಿಯಿಂದ ಹೊರಗಿರಬೇಕು. ಮೇಷ್ಟ್ರ ಮನೆಯವರಿಗೂ ಇದೇ ನಿಯಮ.

70 ಅಂಕ ಯಾರೂ ಮುಟ್ಟದ ವರ್ಷ ಪ್ರಶಸ್ತಿಯೇ ಇಲ್ಲ. ಅದರಿಂದ ಮೇಷ್ಟ್ರ ಹೆಸರಿಗೆ ಕುಂದು ಎಂದು ಅಳುಕುವವರಿಗೆ ಹೇಳಲು ಒಂದು ಉದಾಹರಣೆ ಇದೆ: 1948ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನೇ ಯಾರಿಗೂ ಕೊಡಲಿಲ್ಲ.

ದತ್ತಿನಿಧಿಯ ಅಸಲು ಮುಟ್ಟುವುದಿಲ್ಲ. 100 ಪಾಲಿಗೆ 7 ಪಾಲು ಬಡ್ಡಿ ಬಂದರೆ 4 ಶಾಲೆಗೆ, 1 ಭೇಟಿಯ ಖರ್ಚಿಗೆ, 2 ಮತ್ತೆ ಅಸಲಿಗೆ. ಬಡ್ಡಿಯನ್ನೆಲ್ಲ ಹಂಚಿದರೆ ಬೆಲೆಯೇರಿಕೆಯಲ್ಲಿ ಪ್ರಶಸ್ತಿಯ ಮೊತ್ತ ವರ್ಷವರ್ಷವೂ ಸವೆಯುತ್ತದೆ. ಹಣ ಶಾಲೆಯ ಖಾತೆಗೇ ಹೋಗಬೇಕು: ಮುಕ್ಕಾಲು ಭಾಗ ಮೊದಲು, ಉಳಿದದ್ದು ಖರ್ಚಿನ ಲೆಕ್ಕ ಬಂದ ಮೇಲೆ.

ಫಲಕದಲ್ಲಿ ಮುಖ್ಯ ಶಿಕ್ಷಕರ ಹೆಸರೊಂದೇ ಇದ್ದರೆ ಅವರಿಗೆ ವರ್ಗವಾದ ದಿನ ಅದು ಹಳೆಯ ಸುದ್ದಿ. ಅಡುಗೆಯವರು, ಜವಾನರು ಸೇರಿ ಎಲ್ಲರ ಹೆಸರೂ ಹಾಕಿಸುತ್ತೇವೆ. ಹೆಸರುಗಳನ್ನು ಅವರವರ ಕೈಯಲ್ಲೇ ಬರೆಸಿಕೊಂಡು, ಕೆತ್ತುವ ಮುಂಚೆ ಕರಡನ್ನು ಶಾಲೆಗೆ ಕಳಿಸಿ ಸಹಿ ಪಡೆಯಬೇಕು. ಕೆತ್ತಿದ ಮೇಲೆ ಒಂದು ಒತ್ತಕ್ಷರ ತಪ್ಪಿದರೂ ಇಡೀ ಫಲಕವನ್ನು ಹೊಸದಾಗಿ ಮಾಡಿಸಬೇಕಾಗುತ್ತದೆ.